ಗುನಿಕಾರ್ನ್: ಟೈಮ್‌ಔಟ್‌ನ ಅರ್ಥ ತಿಳಿದು ಬಳಸಬೇಕಾದ ಸರ್ವರ್

ಪೈಥಾನ್ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸಲು ಗುನಿಕಾರ್ನ್ ಸರಳವೂ ನಂಬಿಕೆಗೆ ಅರ್ಹವೂ ಆದ ಸರ್ವರ್ ಎಂಬುದು ನನ್ನ ಅನುಭವ. ಆದರೆ ಅದರ ಟೈಮ್‌ಔಟ್ ಆಯ್ಕೆಯ ಹೆಸರು ಹೊಸಬರನ್ನು ದಾರಿ ತಪ್ಪಿಸುತ್ತದೆ. ನಮ್ಮ ಅಪ್ಲಿಕೇಶನ್‌ನಲ್ಲಿ ದೊಡ್ಡ ವರದಿಯನ್ನು ಕೇಳಿದಾಗಲೆಲ್ಲ ಬಳಕೆದಾರರಿಗೆ 502 ದೋಷ (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಸೂಚನೆ) ಕಾಣಿಸುತ್ತಿದ್ದುದರಿಂದ, ಗುನಿಕಾರ್ನ್‌ನ ಮುಂದೆ ನಿಂತು ಅದಕ್ಕೆ ರಿಕ್ವೆಸ್ಟ್‌ಗಳನ್ನು ರವಾನಿಸುವ ಎಂಜಿನ್‌ಎಕ್ಸ್ (Nginx) ಎಂಬ ವೆಬ್ ಸರ್ವರ್ ಉತ್ತರಕ್ಕಾಗಿ ಕಾಯುವ ಅವಧಿಯನ್ನು 60 ಸೆಕೆಂಡುಗಳಿಂದ 300ಕ್ಕೆ ಏರಿಸಿದೆವು; ಫಲ ಸಿಗಲಿಲ್ಲ. ಕಾಯುವ ಅವಧಿ ಮುಗಿದಿದ್ದರೆ ಎಂಜಿನ್‌ಎಕ್ಸ್ 504 ಕೊಡಬೇಕಿತ್ತು ಎಂಬುದನ್ನು ಮೊದಲೇ ಗಮನಿಸಿದ್ದರೆ ಎರಡು ದಿನಗಳ ಶ್ರಮ ಉಳಿಯುತ್ತಿತ್ತು. ಗುನಿಕಾರ್ನ್‌ನ ಲಾಗ್‌ನಲ್ಲಿ ‘ವರ್ಕರ್ ಟೈಮ್‌ಔಟ್’ ಎಂಬ ಸಾಲು ಸ್ಪಷ್ಟವಾಗಿಯೇ ಇತ್ತು: ಪೂರ್ವನಿಯೋಜಿತ ಮಿತಿಯಾದ 30 ಸೆಕೆಂಡುಗಳೊಳಗೆ ಸಿಂಕ್ ವರ್ಕರ್ (ಒಮ್ಮೆಗೆ ಒಂದೇ ರಿಕ್ವೆಸ್ಟ್ ನಿರ್ವಹಿಸುವ ಪ್ರಕ್ರಿಯೆ) ತಾನು ಜೀವಂತವಾಗಿರುವ ಸೂಚನೆ ಕೊಡದಿದ್ದರೆ ಮುಖ್ಯ ಪ್ರಕ್ರಿಯೆಯು ಅದನ್ನು ನಿಲ್ಲಿಸಿ ಹೊಸದನ್ನು ಆರಂಭಿಸುತ್ತದೆ, ಅರ್ಧಕ್ಕೆ ನಿಂತ ರಿಕ್ವೆಸ್ಟ್ ಅದರೊಂದಿಗೇ ಹೋಗುತ್ತದೆ. ಒಂದೇ ಪ್ರಕ್ರಿಯೆಯಲ್ಲಿ ಹಲವು ರಿಕ್ವೆಸ್ಟ್‌ಗಳನ್ನು ಒಟ್ಟಿಗೆ ನಿರ್ವಹಿಸುವ ಥ್ರೆಡ್ ಆಧಾರಿತ ವರ್ಕರ್‌ಗಳಲ್ಲಾದರೋ ಇದೇ ಸಂಖ್ಯೆ ಒಂದೊಂದು ರಿಕ್ವೆಸ್ಟ್‌ನ ಮಿತಿಯಲ್ಲ. ಮಿತಿಯನ್ನು 120ಕ್ಕೆ ಏರಿಸಿದಾಗ ತೊಂದರೆ ನಿಂತಿತಾದರೂ, ವರದಿಯ ತಯಾರಿಯನ್ನು ಸೆಲರಿ (Celery) ಎಂಬ ಪೈಥಾನ್ ಸಾಧನದ ಮೂಲಕ, ರಿಕ್ವೆಸ್ಟ್‌ನಿಂದ ಬೇರ್ಪಟ್ಟ ಹಿನ್ನೆಲೆಯ ಕೆಲಸವಾಗಿ ಮಾಡಿದ್ದೇ ನಿಜವಾದ ಪರಿಹಾರ. ಸೊನ್ನೆ ಕೊಟ್ಟು ಮಿತಿಯನ್ನೇ ತೆಗೆದುಹಾಕುವ ಸಲಹೆಯನ್ನು ಮಾತ್ರ ನಾನು ಯಾರಿಗೂ ನೀಡಲಾರೆ, ಏಕೆಂದರೆ ಸಿಲುಕಿಕೊಂಡ ವರ್ಕರ್ ಅನ್ನು ಆಗ ಗುನಿಕಾರ್ನ್ ತಾನಾಗಿ ಬಿಡಿಸುವುದಿಲ್ಲ.