ಹಳೇ ಪಾಲಿಯೋ ಎಷ್ಟು ಇಳಿಸಬಹುದು? ಬೆಳಗಾವಿ ರಸ್ತೆಯಲ್ಲಿ ನಾಲ್ಕು ಪ್ರಯೋಗ

ನನ್ನ ಹತ್ತಿರ ಇರುವುದು 2002ರ ಫಿಯಟ್ ಪಾಲಿಯೋ 1.6. ಇದನ್ನು ಸ್ಪೋರ್ಟ್ಸ್ ಕಾರು ಅಂದರೆ ಕೆಲವರು ನಗುತ್ತಾರೆ. ನಗಲಿ ಬಿಡಿ. 1596 ಸಿಸಿ ಎಂಜಿನ್, 100 ಕುದುರೆ ಶಕ್ತಿ, ಸಣ್ಣ ಮೈ. ಒಮ್ಮೆ ಓಡಿಸಿದವರು ಆಮೇಲೆ ನಗುವುದಿಲ್ಲ. ಪೆಟ್ರೋಲ್ ಬಂಕ್‌ನಲ್ಲಿ ಮಾತ್ರ ನನಗೇ ಅಳು ಬರುತ್ತದೆ, ಅದು ಬೇರೆ ಕತೆ.

ಗಾಡಿ ಇಳಿಸುವ, ಅಂದರೆ ಅದರ ಮೈಯನ್ನು ನೆಲಕ್ಕೆ ಹತ್ತಿರ ತರುವ ಹುಚ್ಚು ನನಗೆ ಆರು ವರ್ಷದಿಂದ ಇದೆ. ಈ ಆರು ವರ್ಷದಲ್ಲಿ ನಾಲ್ಕು ರೀತಿ ಇಳಿಸಿ ನೋಡಿದ್ದೇನೆ. ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಟಿಳಕವಾಡಿಯ ಎರಡನೇ ರೈಲ್ವೆ ಗೇಟ್ ಇದೆ, ಜಾಂಬೋಟಿ ಮೇಲೆ ಹೋಗುವ ಚೋರ್ಲಾ ಘಾಟ್ ಇದೆ, ಹಿಂದಿನ ಸೀಟಿನಲ್ಲಿ ನಮ್ಮ ಅವ್ವ ಇದ್ದಾಳೆ. ಇವುಗಳಲ್ಲಿ ಅತಿ ಕಠಿಣ ಪರೀಕ್ಷೆ ಯಾವುದು ಅಂತ ಹೇಳಬೇಕಿಲ್ಲ ಅಲ್ವಾ?

ಮೊದಲನೆಯದು ನಾನು ಮಾಡಿದ್ದಲ್ಲ. ಗಾಡಿ ಕೊಂಡಾಗಲೇ ಮುಂದಿನ ಸ್ಪ್ರಿಂಗ್ ಕಡಿದಿದ್ದರು. ನೋಡೋಕೆ ಚೆನ್ನಾಗಿತ್ತು, ಅದಕ್ಕೇ ಮರುಳಾದೆ. ಎರಡನೇ ಗೇಟಿನ ಹಳಿ ದಾಟುವಾಗ ಮುಂದಿನಿಂದ ಕಟಕ್ ಅಂತ ಸದ್ದು. ಉದ್ಯಮಬಾಗಿನ ನಮ್ಮ ಮೇಸ್ತ್ರಿ ಜಾಕ್ ಹಚ್ಚಿ ಚಕ್ರ ಮೇಲೆತ್ತಿದರು. ಸ್ಪ್ರಿಂಗ್‌ಗೆ ಕೈ ಹಾಕಿ ತಿರುಗಿಸಿದರೆ ಬಳೆ ಹಾಗೆ ಗಿರ್ರನೆ ತಿರುಗಿತು!

"ನೋಡ್ರಿ ಸಾಹೇಬ್ರ, ಸ್ಪ್ರಿಂಗ್ ಕಡಿದ್ರ ಗಾಡಿ ಇಳೀತೈತಿ, ಖರೆ. ಆದ್ರ ಸ್ಪ್ರಿಂಗಿಗೆ ಕುಂದರಾಕ ಜಾಗಾ ಬೇಕಲ್ರಿ?"

ವಿಷಯ ಇಷ್ಟೇ. ಕಂಪನಿ ಸ್ಪ್ರಿಂಗಿನ ತುದಿ ಕೆಳಗಿನ ಬಟ್ಟಲಿಗೆ ಸರಿಯಾಗಿ ಹೊಂದುವ ಹಾಗೆ ಇರುತ್ತದೆ. ಗ್ರೈಂಡರ್‌ನಿಂದ ಕಡಿದ ತುದಿ ಅಲ್ಲಿ ಕೂರುವುದಿಲ್ಲ. ಉದ್ದ ಕಡಿಮೆಯಾದ್ದರಿಂದ ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಪೂರ್ತಿ ಸಡಿಲ. ಗಟ್ಟಿಯೂ ಆಗುತ್ತದೆ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದೂವರೆ ಸುತ್ತು ತೆಗೆದರೆ ಉಳಿದದ್ದು ಮೂರನೇ ಒಂದು ಪಾಲಿನಷ್ಟು ಜಾಸ್ತಿ ಬಿಗಿ. ಕೆಲವರು ಗ್ಯಾಸ್ ಹಚ್ಚಿ ಕಾಯಿಸಿ ಕೂರಿಸುತ್ತಾರೆ. ಅದಂತೂ ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತದೆ. ಕಡಿದ ಸ್ಪ್ರಿಂಗ್ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದು ದಂಡ.

ಎರಡನೇ ಸಲ ದುಡ್ಡು ಕೊಟ್ಟು ತಪ್ಪು ಮಾಡಿದೆ. ಇಳಿಸುವುದಕ್ಕೇ ಅಂತ ಮಾಡಿದ ಸ್ಪ್ರಿಂಗ್ ಸೆಟ್ ತರಿಸಿದೆ. 35 ಮಿಲಿಮೀಟರ್ ಇಳಿಯುತ್ತದೆ ಅಂದಿದ್ದರು, ಶಾಕಪ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಹಳೆಯದೇ ಇರಲಿ ಅಂದಿದ್ದರು. ಎರಡೂ ಸುಳ್ಳಾಯಿತು. ನನಗೆ ಬಂದದ್ದು 1.2 ಎಂಜಿನ್ ಗಾಡಿಯ ಸ್ಪ್ರಿಂಗ್. ಮೂಗು ಭಾರ ಇರುವ 1.6ಕ್ಕೆ ಹಾಕಿದರೆ 48 ಇಳಿಯಿತು. ಮಾರಿದವರಿಗೆ ಫೋನ್ ಮಾಡಿದೆ. "ಎಲ್ಲಾ ಪಾಲಿಯೋಗೂ ಒಂದೇ ಸರ್" ಅಂದರು. ಇದರಿಂದ ಒಂದು ಬುದ್ಧಿ ಬಂತು. ಅಳತೆಯನ್ನು ನೆಲದಿಂದ ತೆಗೆಯಬಾರದು, ಟೈರಿನ ಗಾಳಿ ಹೆಚ್ಚುಕಡಿಮೆಯಾದರೆ ಅದೂ ಬದಲಾಗುತ್ತದೆ. ಚಕ್ರದ ನಡುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಬೇಕು. ನಾಲ್ಕೂ ಕಡೆ, ಮೊದಲು ಒಮ್ಮೆ, ಆಮೇಲೆ ಒಮ್ಮೆ.

ಈ ಸೆಟ್‌ನ ನಿಜ ಬಣ್ಣ ಗೊತ್ತಾಗಿದ್ದು ಚೋರ್ಲಾದಲ್ಲಿ. ಕಣಕುಂಬಿ ದಾಟಿ ಇಳಿಜಾರು ಶುರುವಾಗುತ್ತದೆ. ಒಂದು ಎಡ ತಿರುವಿನ ನಡುವೆ ರಸ್ತೆ ಕಿತ್ತಿತ್ತು. ಸ್ಟೀರಿಂಗ್ ತಿರುಗಿಸಿಯೇ ಇದ್ದೇನೆ, ಗಾಡಿ ಮಾತ್ರ ನೇರ ಆ ಕಡೆಯ ಕಟ್ಟೆ ಕಡೆ ಹೊರಟಿತು. ಎದೆ ಧಸಕ್ ಅಂತು. ಗಾಡಿ ಇಳಿದಷ್ಟೂ ಬಂಪ್ ಸ್ಟಾಪ್, ಅಂದರೆ ಚಕ್ರ ತೀರಾ ಮೇಲೆ ಬಂದರೆ ತಡೆಯುವ ರಬ್ಬರ್, ಹತ್ತಿರ ಬರುತ್ತದೆ. ತಿರುವಿನಲ್ಲಿ ಭಾರವೆಲ್ಲ ಹೊರಗಿನ ಮುಂದಿನ ಚಕ್ರದ ಮೇಲೆ. ಅಲ್ಲಿ ಸ್ಪ್ರಿಂಗ್ ಕೆಲಸ ಮುಗಿದು ರಬ್ಬರ್ ತಾಗಿದ ಕೂಡಲೇ ಆ ಮೂಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಟೈರ್ ಹಿಡಿತ ಬಿಡುತ್ತದೆ. ಇದರ ಮೇಲೆ ಮುದಿ ಶಾಕಪ್ ಬೇರೆ. ಹೊಸ ಬಿಗಿ ಸ್ಪ್ರಿಂಗ್ ವಾಪಸ್ ಎಗರುವುದನ್ನು ಹಿಡಿದಿಡಲು ಅದಕ್ಕೆ ಆಗುವುದಿಲ್ಲ. ಹೈವೇ ಮೇಲೆ ಗಾಡಿ ದೋಣಿ ಹಾಗೆ ತೂಗುತ್ತಿತ್ತು. ನೋಡಿದರೆ ಸ್ಪೋರ್ಟ್ಸ್, ಕೂತರೆ ಜೋಕಾಲಿ.

ಮೂರನೆಯದು ಕಾಯ್ಲೋವರ್, ಅಂದರೆ ಶಾಕಪ್ ಸುತ್ತಲೇ ಸ್ಪ್ರಿಂಗ್ ಕೂತಿರುವ, ಎತ್ತರ ಬದಲಿಸಬಹುದಾದ ಸೆಟ್. ಕೊಲ್ಹಾಪುರದ ಗೆಳೆಯನ ಸೆಟ್. ತನ್ನ ಪಾಲಿಯೋ ಬಾಡಿ ಕೆಲಸಕ್ಕೆ ಬಿಟ್ಟಿದ್ದ, "ಮೂರು ತಿಂಗಳು ನೀನೇ ಹಾಕ್ಕೋ" ಅಂದ. ಖರೆ ಹೇಳಬೇಕಂದರೆ ಚೋರ್ಲಾದಲ್ಲಿ ಇದರ ಮುಂದೆ ಮಿಕ್ಕಿದ್ದೆಲ್ಲ ಶೂನ್ಯ. ಶಾಕಪ್ ಮೈಮೇಲಿನ ಚೂಡಿಯಲ್ಲಿ (ಥ್ರೆಡ್) ರಿಂಗ್ ತಿರುಗಿಸಿ ಎತ್ತರ ನಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಶಾಕಪ್ ಬಿಗಿಯನ್ನು ಮೇಲಿನ ಗುಬ್ಬಿ ತಿರುಗಿಸಿ ಬದಲಿಸಬಹುದು. ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂಗು ತಿರುಗುತ್ತದೆ. ಮೊದಲ ಭಾನುವಾರ ಸುಮ್ನೆ ಎರಡು ಸಲ ಘಾಟ್ ಹತ್ತಿ ಇಳಿದೆ.

ಆಮೇಲೆ ಜೂನ್ ಬಂತು. ಬೆಳಗಾವಿ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಕೆಂಪು ಮಣ್ಣಿನ ರಾಡಿ ಕಾಯ್ಲೋವರ್ ಚೂಡಿಯೊಳಗೆ ಸೇರಿ ಒಣಗಿ ಇಟ್ಟಿಗೆಯಾಯಿತು. ಒಂದು ತಿಂಗಳ ಮೇಲೆ ಎತ್ತರ ಬದಲಿಸಲು ಹೋದರೆ ರಿಂಗ್ ಅಲುಗಾಡಲಿಲ್ಲ. ಹಲ್ಲುಜ್ಜುವ ಬ್ರಷ್, ಡೀಸೆಲ್, ಅರ್ಧ ದಿನ. ಶಾಕಪ್ ಗಾಡಿಯ ಮೈಗೆ ಸೇರುವ ಮೇಲಿನ ಮೌಂಟ್‌ನಲ್ಲಿ ರಬ್ಬರ್ ಇಲ್ಲ, ಲೋಹದ ಗುಂಡು ಜಾಯಿಂಟ್. ಹಾಗಾಗಿ ರಸ್ತೆಯ ಪ್ರತಿ ಕಲ್ಲಿನ ಸುದ್ದಿ ಡ್ಯಾಶ್‌ಬೋರ್ಡಿಗೆ ನೇರವಾಗಿ ಬರುತ್ತದೆ. ಅವ್ವನನ್ನು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೊರಟೆ. ಬೈಲಹೊಂಗಲದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕೆಳಗಿಳಿದವಳು ಮತ್ತೆ ಹತ್ತಲೇ ಇಲ್ಲ. "ನೀ ಹೋಗಪಾ, ನಾ ಬಸ್ಸಿಗೆ ಬರ್ತೀನಿ" ಅಂದಳು.

ಈಗ ಗಾಡಿಯಲ್ಲಿ ಇರುವುದು ನಾಲ್ಕನೆಯದು. ಈ ಸಲ ಶಾಕಪ್‌ನಿಂದ ಶುರು ಮಾಡಿದೆ. ಗ್ಯಾಸ್ ತುಂಬಿದ ಹೊಸ ಶಾಕಪ್ ನಾಲ್ಕು. ಜೊತೆಗೆ 1.6ಕ್ಕೇ ಅಂತ ಹೇಳಿ ಮಾಡಿಸಿದ ಸ್ಪ್ರಿಂಗ್, ಬರೀ 25 ಇಳಿಯುವಂಥದ್ದು. ಮೇಲಿನ ಬೇರಿಂಗ್, ರಬ್ಬರ್ ಎಲ್ಲಾ ಹೊಸದು. ಸಿಗುವಾಗಲೇ ಕೊಂಡಿಡಬೇಕು, ಪಾಲಿಯೋ ಸಾಮಾನು ಕೇಳಿದರೆ ಅಂಗಡಿಯವರು ಅಜ್ಜನ ಹೆಸರು ಕೇಳಿದ ಹಾಗೆ ನೋಡುತ್ತಾರೆ.

ಕೂರಿಸುವ ಕೆಲಸದಲ್ಲಿ ಹೆದರಬೇಕಾದ ಜಾಗ ಒಂದೇ, ಮುಂದಿನ ಸ್ಟ್ರಟ್‌ನ (ಶಾಕಪ್ ಮತ್ತು ಸ್ಪ್ರಿಂಗ್ ಸೇರಿದ ಕಂಬ) ಮೇಲಿನ ನಟ್. ಸ್ಪ್ರಿಂಗ್ ಒತ್ತಿ ಹಿಡಿಯದೆ ಅದನ್ನು ಬಿಚ್ಚಬಾರದು. ಮೇಸ್ತ್ರಿ ನನಗೆ ಪಾನಾ ಕೊಡುವ ಮೊದಲು ಶೆಡ್ಡಿನ ತಗಡು ತೋರಿಸಿದರು. ಮೇಲೆ ಬಟ್ಟಲಿನಷ್ಟು ಅಗಲದ ಉಬ್ಬು. ಒಬ್ಬ ಹುಡುಗ ಅವಸರ ಮಾಡಿದ್ದನಂತೆ. "ಅವನ ತಲಿ ಬಾಜೂಕಿತ್ರಿ, ಪುಣ್ಯಾ" ಅಂದರು. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು. ಸ್ಪ್ರಿಂಗ್ ಬಟ್ಟಲು ಬಿಟ್ಟು ಸಡಿಲಾದ ಮೇಲೆ ಮಾತ್ರ ನಟ್‌ಗೆ ಕೈ.

ಇನ್ನೊಂದನ್ನು ನಾನು ಎರಡನೇ ಸೆಟ್‌ನಲ್ಲಿ ಬುಷ್ ಹರಿಸಿಕೊಂಡು ಕಲಿತೆ. ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ಆರ್ಮ್‌ನ ಬೋಲ್ಟ್‌ಗಳನ್ನು ಗಾಡಿ ಜಾಕ್ ಮೇಲೆ ಇದ್ದಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರ ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ ಕೀಲಿನಲ್ಲಿರುವ ರಬ್ಬರ್ ಬುಷ್ ಆ ಭಂಗಿಗೇ ಹಿಡಿದುಕೊಳ್ಳುತ್ತದೆ. ಗಾಡಿ ನೆಲಕ್ಕೆ ಇಳಿದ ಮೇಲೆ ಸದಾ ತಿರುಚಿಕೊಂಡೇ ಇರುತ್ತದೆ. ಈಗ ಗಾಡಿಯನ್ನು ದಪ್ಪ ಹಲಗೆ ಮೇಲೆ ಹತ್ತಿಸಿ, ಭಾರ ಚಕ್ರದ ಮೇಲೆ ಇದ್ದಾಗ ಕೊನೆಯ ಬಿಗಿ. ಹಿಂದಿನ ಕೆಲಸ ಸಲೀಸು, ಒಂದು ತಾಸು ಸಾಕು. ಸ್ಪ್ರಿಂಗ್ ಕೂತುಕೊಳ್ಳಲು ಐನೂರು ಕಿಲೋಮೀಟರ್ ಓಡಿಸಿ, ಆಮೇಲೆ ಅಲೈನ್ಮೆಂಟ್. ಹೆಡ್‌ಲೈಟ್ ಬೆಳಕಿನ ಎತ್ತರ ಸರಿ ಮಾಡಿಸುವುದನ್ನೂ ಮರೆಯಬೇಡಿ.

ಕೂತ ಮೇಲೆ ಮುಂದೆ 28, ಹಿಂದೆ 24 ಇಳಿದಿದೆ. ಚೋರ್ಲಾದಲ್ಲಿ ಕಾಯ್ಲೋವರ್‌ನಷ್ಟು ಚುರುಕಿಲ್ಲ, ಸುಳ್ಳು ಹೇಳಲ್ಲ. ಆದರೆ ಅದೇ ಕಿತ್ತ ತಿರುವಿನಲ್ಲಿ ಗಾಡಿ ಹೇಳಿದ ಕಡೆ ಹೋಗುತ್ತದೆ. ಎರಡನೇ ಗೇಟಿನಲ್ಲಿ ಧಪ್ ಅಂತ ಒಂದೇ ಸದ್ದು, ಎರಡನೇ ಎಗರು ಇಲ್ಲ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಶ್ನೆ ಅದು. ಹಾಗಾಗಿ ಕೈ ಹಾಕುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. ಬೇಡ ಅಂದರೆ ಹೊಸ ಶಾಕಪ್ ಮಾತ್ರ ಹಾಕಿಸಿ, ಅರ್ಧ ಮಜಾ ಅದರಲ್ಲೇ ಇದೆ. ನಾನು ಕಂಪನಿಯ ಒಂದು ಜೊತೆ ಸ್ಪ್ರಿಂಗ್ ಹುಡುಕಿ ತಂದು, ಗ್ರೀಸ್ ಬಳಿದು, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಹೋದ ತಿಂಗಳು ಅವ್ವ ಸವದತ್ತಿವರೆಗೂ ಗಾಡಿಯಲ್ಲೇ ಬಂದಳು. ಬೈಲಹೊಂಗಲ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ವಾಪಸ್ ಬಂದಾಗ ನಮ್ಮ ಓಣಿ ಬಾಯಲ್ಲಿ ಇರುವ ಹಂಪ್ ಹತ್ತಿರ ಎಂದಿನ ಹಾಗೆ ಗಾಡಿ ನಿಲ್ಲಿಸಿದೆ. ಯಾರೋ ಸಿಮೆಂಟ್ ಉಳಿದದ್ದನ್ನು ಸುರಿದು ಮಾಡಿದ ಹಂಪ್ ಅದು. ನಾಲ್ಕು ಜನ ಕೂತಿದ್ದರೆ ಸೈಲೆನ್ಸರ್ ಉಜ್ಜುತ್ತದೆ. ಮಗ ಗೊಣಗುತ್ತಾ ಇಳಿದು, ಚಪ್ಪಲಿ ಎಳೆಯುತ್ತಾ ಮನೆ ಕಡೆ ನಡೆದ.