ಎರಡು ಕನೆಕ್ಷನ್, ಒಂದೇ ಕಂಬ: ಮೂರು ವರ್ಷ ಬಳಸಿದ ಮೇಲೆ

ಪುಷ್ಯ ಮಳೆ ಹಿಡಿದು ನಾಲ್ಕನೇ ದಿನ. ಅಂಗಡಿ ಮುಂದೆ ಬೆಂಗಳೂರಿಗೆ ಹೋಗಬೇಕಾದ ಗಾಡಿ ತುಂಬಿ ನಿಂತಿತ್ತು, ಕಾಫಿಪುಡಿ, ಕಾಳುಮೆಣಸು ಸೇರಿ ಎರಡು ಲಕ್ಷದ ಮಾಲು. 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್, ಅಂದರೆ ಇಂಟರ್ನೆಟ್ಟಿನಲ್ಲಿ ತೆಗೆಯುವ ಸಾಗಣೆ ಚೀಟಿ, ಇಲ್ಲದೆ ಗಾಡಿ ಕದಲುವ ಹಾಗಿಲ್ಲ. ಕಪಾಟಿನ ಮೇಲಿನ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಟುಕುತ್ತಿತ್ತು. ಇಂಥ ಹೊತ್ತಿಗೇ ಬೇಕು ಅಂತ ಇನ್ನೊಂದು ಕಂಪನಿಯ ಕನೆಕ್ಷನ್ ಇಟ್ಟುಕೊಂಡಿದ್ದೆನಲ್ಲ, ಅದನ್ನು ನೋಡಿದರೆ ಅಲ್ಲೂ ಕೆಂಪು. ಮೊಬೈಲ್ ಟವರಿಗೂ ಕರೆಂಟಿಲ್ಲ. ಗಾಡಿ ಹೊರಟಿದ್ದು ಮಾರನೇ ದಿನ ಮಧ್ಯಾಹ್ನ.

ನಮ್ಮದು ಚಿಕ್ಕಮಗಳೂರು ಎಂ.ಜಿ. ರಸ್ತೆಯ ಅಡ್ಡರಸ್ತೆಯಲ್ಲಿ ಹುರಿದು ಪುಡಿ ಮಾಡಿ ಮಾರುವ ಸಣ್ಣ ಅಂಗಡಿ. ಮೊದಲು ಒಬ್ಬರು ಕೇಬಲ್‌ನವರ ಹತ್ತಿರವೇ ಇಂಟರ್ನೆಟ್ಟೂ ಇತ್ತು. ತಿಂಗಳಿಗೊಮ್ಮೆ ಹುಡುಗ ಬಂದು ನಗದು ತಗೊಂಡು ಹೋಗುತ್ತಿದ್ದ, ರಸೀದಿ ಅಂತ ಒಂದು ಚೀಟಿ ಅಷ್ಟೇ. ಕೆಟ್ಟರೆ ಅವನಿಗೇ ಫೋನ್. ಅವನು ಎತ್ತದಿದ್ದರೆ ಮುಗಿಯಿತು, ಮೇಲೆ ಕೇಳುವುದಕ್ಕೆ ಯಾರೂ ಇಲ್ಲ. ನಮ್ಮ ಲೆಕ್ಕಪತ್ರ ನೋಡುವವರು ಒಂದು ದಿನ ಕೇಳಿದರು: ಇಂಟರ್ನೆಟ್ ಬಿಲ್ಲಿನ ಜಿಎಸ್‌ಟಿ ಯಾಕೆ ವಾಪಸ್ ತಗೊಳ್ಳುತ್ತಿಲ್ಲ? ಬಿಲ್ಲೇ ಇಲ್ಲದ ಮೇಲೆ ಎಲ್ಲಿಂದ ತಗೊಳ್ಳುವುದು! ಬ್ರಾಡ್‌ಬ್ಯಾಂಡಿಗೆ 18% ತೆರಿಗೆ. ಸಾವಿರದ ಪ್ಲಾನಿಗೆ 1,180 ಕಟ್ಟಿದರೆ, ನಮ್ಮ ಜಿಎಸ್‌ಟಿ ನಂಬರ್ ಹಾಕಿದ ಬಿಲ್ ಇದ್ದಾಗ ಆ 180 ನಮ್ಮ ತೆರಿಗೆಯಲ್ಲಿ ವಜಾ ಆಗುತ್ತದೆ. ಕಾಂಪೊಸಿಷನ್‌ನಲ್ಲಿರುವವರಿಗೆ, ಅಂದರೆ ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳಿಗೆ, ಈ ಸೌಲಭ್ಯ ಇಲ್ಲ, ನೆನಪಿರಲಿ.

ಆಮೇಲೆ ಲೈಸೆನ್ಸ್ ಇರುವವರನ್ನೇ ಹುಡುಕಿದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಆ ಪ್ರದೇಶದಲ್ಲಿ ಸೇವೆ ಕೊಡುವ ಕಂಪನಿಗಳ ಪಟ್ಟಿ ಬರುತ್ತದೆ. ನಾನು 577101 ಹಾಕಿ ನೋಡಿದೆ. ಲೈಸೆನ್ಸಿನಲ್ಲೂ ಮೂರು ದರ್ಜೆ: ‘ಎ’ ಇಡೀ ದೇಶಕ್ಕೆ, ‘ಬಿ’ ಒಂದು ಟೆಲಿಕಾಂ ವಲಯಕ್ಕೆ (ಹೆಚ್ಚುಕಮ್ಮಿ ಒಂದು ರಾಜ್ಯದಷ್ಟಕ್ಕೆ), ‘ಸಿ’ ಹೆಚ್ಚುಕಮ್ಮಿ ಒಂದು ಜಿಲ್ಲೆಯಷ್ಟಕ್ಕೆ. ‘ಸಿ’ ಅಂದರೆ ಕಳಪೆ ಅಂತಲ್ಲ. ವೈರ್ ಎಳೆಯುವವನು ಊರಿನ ಕೇಬಲ್‌ನವನೇ ಆಗಿದ್ದರೂ ತೊಂದರೆಯಿಲ್ಲ, ಆದರೆ ಬಿಲ್ ಮೇಲೆ ಲೈಸೆನ್ಸ್ ಇರುವ ಕಂಪನಿಯ ಹೆಸರೇ ಇರಬೇಕು. ದೂರು ಕೊಟ್ಟರೆ ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ಸಂಖ್ಯೆ, ಬರಬೇಕು. ಅಲ್ಲಿ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಾನು ಒಂದು ಸಲ ಹೋಗಿದ್ದೇನೆ, ನಾಲ್ಕು ದಿನ ಕೆಟ್ಟಿದ್ದಕ್ಕೆ ಬಾಡಿಗೆ ಕಡಿತವಾಗಿ ಬಂತು. ಸಣ್ಣ ಮೊತ್ತ, ಆದರೂ ಆ ಬಿಲ್ ನೋಡಿ ಬಹಳ ಸಮಾಧಾನವಾಯಿತು.

ಸ್ಪೀಡ್ ಬಗ್ಗೆ ಬರೆಯುವುದಿಲ್ಲ, ಎಲ್ಲರ ಜಾಹೀರಾತಿನಲ್ಲೂ ಅದೇ ಇರುತ್ತದೆ. ಬಿಲ್ಲಿಂಗ್, ಕಾರ್ಡ್ ಯಂತ್ರ, ಎರಡು ಕ್ಯಾಮೆರಾ, ನಮಗೆ ಇಷ್ಟಕ್ಕೆ ಚಿಕ್ಕ ಪ್ಲಾನೇ ಸಾಕು.

ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆದು ದೇವರಿಗೆ ದೀಪ ಹಚ್ಚಿದ ಮೇಲೆ ನಾನು ನೋಡುವುದು ಆ ಪೆಟ್ಟಿಗೆಯ ದೀಪಗಳನ್ನು. ಪವರ್ ಹಸಿರು, ಪಾನ್ (ಕಂಪನಿಯ ಲೈನ್ ಸಿಕ್ಕಿದೆ ಅನ್ನುವ ದೀಪ) ಹಸಿರು, ಲಾಸ್ (ಲೈನಿನಲ್ಲಿ ಬೆಳಕು ಬರುತ್ತಿಲ್ಲ ಅನ್ನುವ ಕೆಂಪು ದೀಪ) ಆರಿರಬೇಕು. ಗ್ರೈಂಡರ್ ಓಡುವ ಜಾಗ, ಕಾಫಿಪುಡಿಯ ಧೂಳು ಎಲ್ಲಿಗೆ ಬೇಕಾದರೂ ನುಗ್ಗುತ್ತದೆ. ಅದಕ್ಕೆ ಶನಿವಾರ ಶನಿವಾರ ಒಣ ಬ್ರಷ್ ತಗೊಂಡು ಗಾಳಿಕಿಂಡಿಗಳನ್ನು ಮಾತ್ರ ಒರೆಸುತ್ತೇನೆ. ಕೆಳಗಿರುವ ಹಸಿರು ಕನೆಕ್ಟರನ್ನು, ಗಾಜಿನ ಎಳೆಯಲ್ಲಿ ಇಂಟರ್ನೆಟ್ಟು ಬೆಳಕಾಗಿ ಬಂದು ಪೆಟ್ಟಿಗೆ ಸೇರುವ ಜಾಗವನ್ನು, ಮುಟ್ಟುವುದಿಲ್ಲ, ಹುಡುಗರಿಗೂ ಮುಟ್ಟಬೇಡಿ ಅಂದಿದ್ದೇನೆ. ಅದರ ತುದಿಗೆ ಒಂದು ಕಣ ಧೂಳು ಕೂತರೂ ಬೆಳಕು ಕಮ್ಮಿಯಾಗುತ್ತದೆ. ಪಕ್ಕದಲ್ಲೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಇದೆ. ಮೂರು ವರ್ಷದಲ್ಲಿ ಇದಕ್ಕೆ ಹಾಕಿದ ದುಡ್ಡಿನಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ಮತ್ತೆ ಎದ್ದು ಕೂರುವುದನ್ನು ಕಾಯುವ ಕಷ್ಟ ತಪ್ಪಿತು.

ಇಷ್ಟೆಲ್ಲ ಸರಿಯಾಗಿ ನೋಡಿಯೂ ಪುಷ್ಯ ಮಳೆಯ ದಿನ ಎರಡೂ ಒಟ್ಟಿಗೆ ಕೈಕೊಟ್ಟಿದ್ದು ಯಾಕೆ?

ಮಾರನೇ ದಿನ ಮೊದಲ ಕಂಪನಿಯ ಲೈನ್‌ಮ್ಯಾನ್ ಬಂದಾಗ ನಾನೂ ಛತ್ರಿ ಹಿಡಿದು ಅವನ ಜೊತೆ ನಡೆದೆ. ಅಂಗಡಿಯಿಂದ ಐದನೇ ವಿದ್ಯುತ್ ಕಂಬದ ಹತ್ತಿರ ಸಿಲ್ವರ್ ಓಕ್ ಕೊಂಬೆಯೊಂದು ಮುರಿದು ವೈರುಗಳ ಮೇಲೆ ಒರಗಿತ್ತು. ಕಪ್ಪು ಕೇಬಲ್‌ಗಳ ಒಂದು ಕಂತೆಯೇ ಜೋತಾಡುತ್ತಿತ್ತು. ಅದರಲ್ಲಿ ಒಂದು ನನ್ನ ಮೊದಲ ಕಂಪನಿಯದು, ಇನ್ನೊಂದು ನನ್ನ ಎರಡನೇ ಕಂಪನಿಯದು. ಎರಡೂ ಲೈಸೆನ್ಸ್ ಇರುವವೇ, ಎರಡರ ಬಿಲ್ಲೂ ಚೊಕ್ಕ. ಬಂದ ದಾರಿ ಮಾತ್ರ ಒಂದೇ. ಎರಡು ಬಾಡಿಗೆ ಕಟ್ಟಿ ಒಂದೇ ಕೊಂಬೆಯ ಕೆಳಗೆ ಕೂತಿದ್ದೆ. ಕನೆಕ್ಷನ್ ಕೊಡುವಾಗ ಈ ಮಾತನ್ನು ಯಾರೂ ಹೇಳಲಿಲ್ಲ, ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

ಸಿಟ್ಟಿನಲ್ಲೇ ನಿಂತಿದ್ದವನಿಗೆ ಅವನ ಕೆಲಸ ನೋಡುತ್ತಾ ಮನಸ್ಸು ತಿಳಿಯಾಯಿತು. ಟಾರ್ಪಾಲಿನ ಕೆಳಗೆ ಮಂಡಿಯೂರಿ ಕೂತು, ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಮೇಲಿನ ಸಿಪ್ಪೆ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಯಂತ್ರದೊಳಗಿಟ್ಟು ಎರಡೂ ತುದಿ ಬೆಸೆದ. ಮಳೆಯಲ್ಲಿ ಬೆರಳು ನಡುಗುತ್ತಿದ್ದರೂ ಅವಸರ ಮಾಡಲಿಲ್ಲ. ಆಮೇಲೆ ಅಂಗಡಿಗೆ ಬಂದು ಮೀಟರ್ ಹಚ್ಚಿ ಬೆಳಕಿನ ಬಲ ತೋರಿಸಿದ: ಮೈನಸ್ 20 ಡಿಬಿಎಂ (ಬೆಳಕಿನ ಬಲ ಅಳೆಯುವ ಮಾನ). ಮೈನಸ್ 27 ದಾಟಿದರೆ ಪೆಟ್ಟಿಗೆ ಬೆಳಕು ಹಿಡಿಯುವುದು ಕಷ್ಟ ಅಂತ ಅವನೇ ವಿವರಿಸಿದ. ಕಾಫಿ ಕುಡಿಸಿ ಕಳಿಸಿದೆ. ಆ ಕಂಪನಿಯನ್ನು ಇವತ್ತಿಗೂ ಬಿಡದಿರುವುದಕ್ಕೆ ಆ ಹುಡುಗನೇ ಮುಖ್ಯ ಕಾರಣ.

ಎರಡನೆಯದನ್ನು ಬಿಟ್ಟೆ. ಹೊಸ ಕನೆಕ್ಷನ್ ಕೊಡಲು ಬಂದ ಕಂಪನಿಯವರಿಗೆ ಪ್ಲಾನ್ ಪಟ್ಟಿ ಪಕ್ಕಕ್ಕಿಡಿ, ಮೊದಲು ವೈರ್ ಬರುವ ದಾರಿ ನಡೆದು ತೋರಿಸಿ ಅಂದೆ. ಒಬ್ಬರು ಗೊಣಗಿ ಹೋದರು. ಇನ್ನೊಬ್ಬರು ಹಿಂದಿನ ಬೀದಿಯಿಂದ, ನೆಲದಡಿಯ ಪೈಪಿನಲ್ಲಿ ತರುತ್ತೇವೆ ಅಂದು ತೋರಿಸಿದರು. ಊರಾಚೆಗೂ ಅವರ ಲೈನ್ ಕಡೂರಿನ ಕಡೆಯಿಂದ, ಮೊದಲನೆಯದು ಹಾಸನದ ಕಡೆಯಿಂದ. ತಿಂಗಳಿಗೆ 300 ರೂಪಾಯಿ ಜಾಸ್ತಿ. ಇಷ್ಟೇ ಗಂಟೆಯೊಳಗೆ ಸರಿ ಮಾಡುತ್ತೇವೆ ಅಂತ ಕರಾರಿನಲ್ಲಿ ಬರೆದುಕೊಡುವ ಲೀಸ್ಡ್ ಲೈನನ್ನೂ ವಿಚಾರಿಸಿದೆ, ಅದರ ಬೆಲೆ ನಮ್ಮ ವ್ಯಾಪಾರಕ್ಕೆ ಹೊರೆ. ದಿನಕ್ಕೆ ಹತ್ತು ಗಾಡಿ ಕಳಿಸುವವರಿಗೆ ಸರಿ ಹೋಗಬಹುದು.

ಒಂದು ಬೇಸರ ಇನ್ನೂ ಇದೆ. ಎರಡೂ ಕಂಪನಿಯವರು ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಅಂತ ಒತ್ತಾಯಿಸುತ್ತಾರೆ. ಮೊದಲ ಮಳೆಗಾಲ ಕಳೆಯುವ ತನಕ ತಿಂಗಳ ಲೆಕ್ಕದಲ್ಲೇ ಕಟ್ಟಿ, ನಮ್ಮ ಕಡೆ ಲೈನಿನ ಗುಣ ಗೊತ್ತಾಗುವುದು ಆಷಾಢದ ಗಾಳಿಯಲ್ಲಿ.

ಈ ವರ್ಷ ಆಶ್ಲೇಷ ಮಳೆಗೆ ಮೊದಲನೆಯದು ಒಂದೂವರೆ ದಿನ ಕೆಂಪಾಗಿತ್ತು, ಎರಡನೆಯದು ಹಸಿರಾಗೇ ಇತ್ತು. ಹತ್ತೂವರೆಗೆ ಇ-ವೇ ಬಿಲ್ ತೆಗೆದೆವು, ಊಟದ ಹೊತ್ತಿಗೆ ಗಾಡಿ ಅರಸೀಕೆರೆ ದಾಟಿತ್ತು.