ಫಿಂಗರ್‌ಸ್ಟೈಲ್ ಬ್ಲೂಸ್: ರೆಕಾರ್ಡೆಡ್ ಪಾಠವೋ, ಲೈವ್ ಕ್ಲಾಸೋ?

ಉಡುಪಿಯಲ್ಲಿ ಗಿಟಾರ್ ಕಲಿಸುವವರಿದ್ದಾರೆ. ಆಫ್ರಿಕನ್-ಅಮೆರಿಕನ್ನರ ಸಂಗೀತವಾದ ಬ್ಲೂಸನ್ನು ಬೆರಳಲ್ಲೇ (ಫಿಂಗರ್‌ಸ್ಟೈಲ್) ನುಡಿಸಲು ಕಲಿಸುವವರು ಮಾತ್ರ ನನಗೆ ಸಿಗಲಿಲ್ಲ, ಹಾಗಾಗಿ ಆನ್‌ಲೈನ್ ಹಿಡಿದೆ.

ಈ ಶೈಲಿಯ ಜೀವ ಇರುವುದು ಹೆಬ್ಬೆರಳಲ್ಲಿ. ಹಳೆಯ ಬ್ಲೂಸ್ ವಾದಕ ಮಿಸಿಸಿಪಿ ಜಾನ್ ಹರ್ಟ್ ಅವರ ಹಾಗೆ ಅದು ಒಂದು ತಂತಿಯಿಂದ ಇನ್ನೊಂದಕ್ಕೆ ಓಲಾಡುತ್ತಾ ಬೇಸ್ (ಮಂದ್ರ ಸ್ವರ) ಹಿಡಿಯಬೇಕು, ಇಲ್ಲವೇ ಬಿಗ್ ಬಿಲ್ ಬ್ರೂನ್ಝಿಯವರ ಹಾಗೆ ಒಂದೇ ಸ್ವರವನ್ನು ಮಿಡಿಯುತ್ತಿರಬೇಕು. ಇದು ಕೈಗೆ ಹತ್ತಲು ರೆಕಾರ್ಡೆಡ್ ಪಾಠವೇ ಮೇಲು: ಎರಡು ಬಾರ್‌ಗಳನ್ನು (ತಾಳದ ಆವರ್ತಗಳನ್ನು) ಅರ್ಧ ವೇಗಕ್ಕಿಳಿಸಿ ನೂರು ಸಲ ಕೇಳಬಹುದು. ಜಸ್ಟಿನ್‌ ಗಿಟಾರ್‌ ಜಾಲತಾಣದಲ್ಲಿ ಬುನಾದಿ ಪಾಠಗಳು ಉಚಿತ. ಸ್ಟೀಫನ್ ಗ್ರಾಸ್‌ಮನ್ ಅವರ ಪಾಠಗಳಿಗೆ ದುಡ್ಡು ಕೊಡಬೇಕು. ಆದರೆ ಅವರು ಹಳೆಯ ಬ್ಲೂಸ್ ದಿಗ್ಗಜ ರೆವರೆಂಡ್ ಗ್ಯಾರಿ ಡೇವಿಸ್ ಅವರಿಂದಲೇ ಕಲಿತವರು. ಹಳೆಯ ಪರಂಪರೆಯ ಮೂಲವೇ ಬೇಕೆಂದರೆ ಅಲ್ಲಿಗೆ ಹೋಗಿ.

ಲೈವ್ ಕ್ಲಾಸಿನಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಗುರುಗಳ ಜೊತೆ ಕೂಡಿ ನುಡಿಸಲಾಗದು. ಗುರುಗಳು ನ್ಯೂಯಾರ್ಕಿನವರಾದರೆ, ಅಲ್ಲಿನ ರಾತ್ರಿ 8 ಗಂಟೆ ಇಲ್ಲಿ ಅಲ್ಲಿನ ಋತುವಿಗೆ ತಕ್ಕಂತೆ ಬೆಳಗಿನ 5.30 ಅಥವಾ 6.30. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟು ಹೋದರೆ ಪಾಠ ಅಲ್ಲಿಗೇ ನಿಂತಿತು. ಆದರೂ ನಿಮ್ಮ ಮಣಿಕಟ್ಟು ಬಿಗಿಯಾಗಿದೆ ಎಂದು ಯಾವ ರೆಕಾರ್ಡೆಡ್ ವಿಡಿಯೋವೂ ಹೇಳುವುದಿಲ್ಲ.

ಹೊಸಬರಾದರೆ ಮೂರು ತಿಂಗಳು ರೆಕಾರ್ಡೆಡ್ ಪಾಠದಲ್ಲೇ ಇರಿ, ಕೈ ತಿದ್ದಿಸಿಕೊಳ್ಳಲು ತಿಂಗಳಿಗೊಂದು ಲೈವ್ ಕ್ಲಾಸ್ ಸಾಕು.